ವೈಲ್ಡರ್ ಪೆನ್‌ಫೀಲ್ಡ್

ವೈಲ್ಡರ್ ಗ್ರೇವ್ಸ್ ಪೆನ್‌ಫೀಲ್ಡ್ (ಜನವರಿ 26, 1891 – ಏಪ್ರಿಲ್ 5, 1976) ಅಮೆರಿಕದಲ್ಲಿ ಜನಿಸಿ ಕೆನಡಾದಲ್ಲಿ ನೆಲೆಸಿದ ನರಶಸ್ತ್ರಚಿಕಿತ್ಸಕರು. ದೇಹದ ಯಾವ ಅಂಗದ ಚಲನೆಗೆ ಮೆದುಳಿನ ಯಾವ ಭಾಗ ಕಾರಣವೆಂಬುದನ್ನು ತೋರಿಸುವ ನಕ್ಷೆಯಿಂದ ಇವರು ಪ್ರಸಿದ್ಧರಾಗಿದ್ದಾರೆ. ಕೈಗಳ ಅನೈಚ್ಛಿಕ ಚಲನೆಗಳ ಅಧ್ಯಯನಕ್ಕೂ ಇವರ ಕೆಲಸ ನೆರವಾಗಿದೆ.

ಆರಂಭಿಕ ಜೀವನ

ಪೆನ್‌ಫೀಲ್ಡ್ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಜನಿಸಿದರು. ತಂದೆ ವೈದ್ಯರಾಗಿದ್ದರು. ಬಾಲ್ಯದ ಹೆಚ್ಚಿನ ಭಾಗವನ್ನು ವಿಸ್ಕಾನ್ಸಿನ್‌ನ ಹಡ್ಸನ್‌ನಲ್ಲಿ ಕಳೆದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ನಂತರ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ತೆರಳಿ, ಚಾರ್ಲ್ಸ್ ಶೆರಿಂಗ್ಟನ್ ಅವರಲ್ಲಿ ನರವ್ಯೂಹದ ಅಧ್ಯಯನ ಮಾಡಿದರು. 1916ರಲ್ಲಿ ಅವರು ಪ್ರಯಾಣಿಸುತ್ತಿದ್ದ ಸಸೆಕ್ಸ್ ಹಡಗು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಜರ್ಮನ್ ಟಾರ್ಪಿಡೊ ದಾಳಿಗೆ ಗುರಿಯಾಗಿ, ಅವರು ತೀವ್ರವಾಗಿ ಗಾಯಗೊಂಡರು. 1918ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ವೈದ್ಯಕೀಯ ಪದವಿ ಪಡೆದರು.

ಸೋದರಿಯ ಶಸ್ತ್ರಚಿಕಿತ್ಸೆ

1928ರಲ್ಲಿ ಪೆನ್‌ಫೀಲ್ಡ್ ಮಾಂಟ್ರಿಯಲ್‌ಗೆ ಬಂದರು. ಅದೇ ವರ್ಷ ಅವರ ಸೋದರಿ ರೂತ್ ಅವರ ಮೆದುಳಿನಲ್ಲಿ ಗಡ್ಡೆಯಿರುವುದು ಪತ್ತೆಯಾಯಿತು. ಪೆನ್‌ಫೀಲ್ಡ್ ಸ್ವತಃ ಶಸ್ತ್ರಚಿಕಿತ್ಸೆ ನಡೆಸಿ ಬಲ ಮುಂಭಾಗದ ಬಹುಪಾಲನ್ನು ತೆಗೆದರೂ ಗಡ್ಡೆಯನ್ನು ಪೂರ್ಣವಾಗಿ ನಿವಾರಿಸಲಾಗಲಿಲ್ಲ. ರೂತ್ ಚೇತರಿಸಿಕೊಂಡು ಮನೆಗೆ ಮರಳಿದರು. ಮಾತು, ನೆನಪುಗಳು ಉಳಿದಿದ್ದರೂ ಹಲವು ಬಗೆಯ ಅಡುಗೆಯನ್ನು ಒಟ್ಟಿಗೆ ಯೋಜಿಸಿ ಮಾಡುವುದು ಅವರಿಗೆ ಕಷ್ಟವಾಯಿತು. ಅವರು 1931ರಲ್ಲಿ ನಿಧನರಾದರು. ಈ ಅನುಭವವು ನರರೋಗಗಳಿಗೆ ಮೀಸಲಾದ ಸಂಸ್ಥೆಯೊಂದನ್ನು ಕಟ್ಟುವ ಪೆನ್‌ಫೀಲ್ಡ್ ಅವರ ಸಂಕಲ್ಪವನ್ನು ಬಲಪಡಿಸಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ಆರಂಭವಾಯಿತು. 1960ರವರೆಗೆ ಅವರೇ ಅದರ ನಿರ್ದೇಶಕರಾಗಿದ್ದರು.

ಮೆದುಳಿನ ನಕ್ಷೆ

ಮೆದುಳಿಗೆ ನೋವಿನ ಅರಿವಿಲ್ಲದ ಕಾರಣ, ಮೂರ್ಛೆರೋಗಿಗಳಿಗೆ ತಲೆಯ ಭಾಗದಲ್ಲಿ ಮಾತ್ರ ಅರಿವಳಿಕೆ ನೀಡಿ, ಅವರು ಎಚ್ಚರವಾಗಿರುವಾಗಲೇ ಮೆದುಳಿನ ಮೇಲ್ಮೈಯನ್ನು ಸೌಮ್ಯ ವಿದ್ಯುತ್ತಿನಿಂದ ಪ್ರಚೋದಿಸಲಾಗುತ್ತಿತ್ತು. ಒಂದು ಬದಿಯನ್ನು ಪ್ರಚೋದಿಸಿದಾಗ ಎದುರು ಬದಿಯ ಕೈ ಚಲಿಸುತ್ತಿತ್ತು. ಆದರೆ ಅದು ತಮ್ಮ ಇಚ್ಛೆಯಿಂದ ಆದುದಲ್ಲವೆಂದು ರೋಗಿಗಳು ತಿಳಿಸುತ್ತಿದ್ದರು. ಎಡ್ವಿನ್ ಬೋಲ್ಡ್ರೆ ಅವರೊಡನೆ 1937ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಕೈ ಮತ್ತು ಮುಖಗಳಿಗೆ ಅವುಗಳ ಗಾತ್ರಕ್ಕೆ ಮೀರಿದ ಸ್ಥಾನ ದೊರೆತಿದೆ. 1951ರಲ್ಲಿ ಕೀಸ್ಲಿ ವೆಲ್ಚ್ ಅವರೊಡನೆ, ಅರ್ಧಗೋಳದ ಒಳಬದಿಯಲ್ಲಿರುವ ಪೂರಕ ಚಲನಾ ಪ್ರದೇಶವನ್ನು ವಿವರಿಸಿದರು. ಇದರ ಪ್ರಚೋದನೆಯಿಂದ ಕೆಲವೊಮ್ಮೆ ದೇಹದ ಎರಡೂ ಬದಿಗಳಲ್ಲಿ ಚಲನೆ ಕಂಡುಬರುತ್ತದೆ.

ಕನ್ನಡಿ ಚಲನೆಯೊಂದಿಗಿನ ಸಂಬಂಧ

ಒಂದು ಕೈಯನ್ನು ಬೇಕೆಂದೇ ಆಡಿಸಿದಾಗ ಇನ್ನೊಂದು ಕೈ ತಾನಾಗಿ ಅದನ್ನೇ ಅನುಕರಿಸುವುದಕ್ಕೆ ಕನ್ನಡಿ ಚಲನೆ ಎನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ ಇದು ಸಹಜ. ಸಾಮಾನ್ಯವಾಗಿ ಚಲನೆಯ ನರತಂತುಗಳಲ್ಲಿ ಹೆಚ್ಚಿನವು ಮೆದುಳಿನ ಕಾಂಡದ ಕೆಳತುದಿಯಲ್ಲಿ ಎದುರು ಬದಿಗೆ ದಾಟುತ್ತವೆ. ಜೊತೆಗೆ ಎರಡು ಅರ್ಧಗೋಳಗಳನ್ನು ಕೂಡಿಸುವ ಕಾರ್ಪಸ್ ಕ್ಯಾಲೋಸಮ್ ಮೂಲಕ ಒಂದು ಬದಿಯು ಇನ್ನೊಂದನ್ನು ತಡೆಹಿಡಿಯುತ್ತದೆ. ಈ ದಾಟುವಿಕೆ ಅಥವಾ ತಡೆ ಅಪೂರ್ಣವಾದಾಗ ಕನ್ನಡಿ ಚಲನೆ ಮುಂದುವರಿಯಬಹುದು. ಒಂದೇ ಕೈಯ ಚಲನೆಯನ್ನು ಸಿದ್ಧಪಡಿಸುವಲ್ಲಿ ಪೂರಕ ಚಲನಾ ಪ್ರದೇಶಕ್ಕೂ ಪಾತ್ರವಿದೆಯೆಂದು ನಂತರದ ಸಂಶೋಧಕರು ಕಂಡುಕೊಂಡಿದ್ದಾರೆ.

ಕೊನೆಯ ದಿನಗಳು

1953ರಲ್ಲಿ ಪೆನ್‌ಫೀಲ್ಡ್ ಅವರಿಗೆ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ದೊರೆಯಿತು. ನಿವೃತ್ತಿಯ ನಂತರ ಬರವಣಿಗೆಯಲ್ಲಿ ತೊಡಗಿ, ಮನಸ್ಸು ಮತ್ತು ಮೆದುಳಿನ ಸಂಬಂಧವನ್ನು ಕುರಿತ ಕೃತಿಯನ್ನು 1975ರಲ್ಲಿ ಪ್ರಕಟಿಸಿದರು. ಮರುವರ್ಷ ಮಾಂಟ್ರಿಯಲ್‌ನಲ್ಲಿ ನಿಧನರಾದರು.