ಐಡಾ ರೋಸೆಂತಾಲ್: ಕಂತಿನ ಮೇಲೆ ತಂದ ಹೊಲಿಗೆ ಮಷಿನ್ನಿನಿಂದ

ವ್ಯಕ್ತಿ ಪರಿಚಯದ ಈ ಪುಟದಲ್ಲಿ ಅಣೆಕಟ್ಟು ಕಟ್ಟಿದವರು, ರಾಕೆಟ್ ಹಾರಿಸಿದವರು ಬರೋದು ವಾಡಿಕೆ. ಈ ಸಲ ನಾವು ಆರಿಸಿಕೊಂಡಿರೋದು ಒಬ್ಬ ದರ್ಜಿಯನ್ನ. ಐದಡಿಗೂ ಕಮ್ಮಿ ಎತ್ತರದ ಹೆಂಗಸು, ಹೊಲಿದದ್ದು ಬ್ರಾ. ಹುಡುಗರು ಇಷ್ಟಕ್ಕೇ ಸ್ಕ್ರೋಲ್ ಮಾಡಿ ಓಡಬೇಡಿ, ಇದರಲ್ಲಿ ಪ್ರೊಡಕ್ಷನ್ ಎಂಜಿನಿಯರಿಂಗೂ ಇದೆ.

ಐಡಾ ಹುಟ್ಟಿದ್ದು 1886ರಲ್ಲಿ, ಮಿನ್ಸ್ಕ್ ಹತ್ತಿರದ ರಾಕೋವ್ ಎಂಬ ಸಣ್ಣ ಊರಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯ, ಈಗ ಬೆಲಾರುಸ್. ತಂದೆ ಹೀಬ್ರೂ ವಿದ್ವಾಂಸರು, ಅಂಗಡಿ ನಡೆಸಿ ಮನೆ ತೂಗಿಸಿದ್ದು ತಾಯಿ. ಊರಲ್ಲೇ ಬಟ್ಟೆ ಹೊಲಿಯೋದು ಕಲಿತ ಐಡಾ, ಹದಿನಾರರ ವಯಸ್ಸಿಗೆ ವಾರ್ಸಾಗೆ ಹೋದರು. ಹೊಲಿಗೆ ಕೆಲಸ ಮಾಡಿಕೊಂಡೇ ರಷ್ಯನ್ ಭಾಷೆ, ಗಣಿತ ಓದಿದರು. ಪ್ರೀತಿಸಿದ ಹುಡುಗ ವಿಲಿಯಂ ರೋಸೆಂತಾಲ್ ತ್ಸಾರ್ ಸೈನ್ಯಕ್ಕೆ ಸೇರೋದು ತಪ್ಪಿಸಿಕೊಂಡು 1905ರಲ್ಲಿ ಅಮೆರಿಕಕ್ಕೆ ಹೊರಟಾಗ ಇವರೂ ಹಿಂದೆಯೇ ಹೋದರು. ಮರುವರ್ಷ ಮದುವೆ.

ವಲಸೆ ಬಂದ ಹೆಣ್ಣುಮಕ್ಕಳು ಸಾಮಾನ್ಯವಾಗಿ ಗಾರ್ಮೆಂಟ್ ಫ್ಯಾಕ್ಟರಿ ಸೇರುತ್ತಿದ್ದರು. ಐಡಾ ಒಪ್ಪಲಿಲ್ಲ. ನ್ಯೂಜೆರ್ಸಿಯ ಹೊಬೊಕನ್ನಲ್ಲಿ ಕಂತಿನ ಮೇಲೆ ಒಂದು ಸಿಂಗರ್ ಮಷಿನ್ ತಗೊಂಡು ಸ್ವಂತ ಕೆಲಸ ಶುರು ಮಾಡಿದರು. ಕಂತಿನ ಮೇಲೆ ಮಷಿನ್ ತಂದು ಮನೆ ನಡೆಸಿದ ಅಮ್ಮಂದಿರು ದಾವಣಗೆರೆಯ ಯಾವ ಬಡಾವಣೆಯಲ್ಲಿ ಇಲ್ಲ ಹೇಳ್ರಿ? ಹಾಗಾಗಿ ಈ ಭಾಗ ನಮಗೆ ಅಷ್ಟು ದೂರದ್ದು ಅನ್ನಿಸಲ್ಲ.

1920ರ ದಶಕದ ಆರಂಭಕ್ಕೆ ಅವರು ನ್ಯೂಯಾರ್ಕಿನ 57ನೇ ಬೀದಿಯಲ್ಲಿ ಎನಿಡ್ ಬಿಸೆಟ್ ಎಂಬಾಕೆಯ ಬಟ್ಟೆ ಅಂಗಡಿಯಲ್ಲಿ ಪಾಲುದಾರರಾಗಿದ್ದರು. ಆಗಿನ ಫ್ಯಾಷನ್ ವಿಚಿತ್ರ. ಹೆಂಗಸರು ಹುಡುಗರ ಹಾಗೆ ಚಪ್ಪಟೆ ಕಾಣಬೇಕು ಅಂತ ಎದೆಗೆ ಟವೆಲ್ಲಿನಂಥ ಪಟ್ಟಿಯೊಂದನ್ನ ಬಿಗಿದುಕೊಳ್ಳುತ್ತಿದ್ದರು. ಅದರ ಮೇಲೆ ಎಷ್ಟು ದುಡ್ಡಿನ ಡ್ರೆಸ್ ಹಾಕಿದರೂ ಕೂರುತ್ತಿರಲಿಲ್ಲ. ಎನಿಡ್ ಆ ಪಟ್ಟಿಯನ್ನ ನಡುವೆ ಕತ್ತರಿಸಿ, ಎರಡು ಬಟ್ಟಲು ಬರೋ ಹಾಗೆ ಮಧ್ಯೆ ನೆರಿಗೆ ಕೊಟ್ಟರು. ವಿಲಿಯಂ ಅದನ್ನ ತಿದ್ದಿ ಸುಧಾರಿಸಿದರು. ಮೊದಮೊದಲು ಡ್ರೆಸ್ ಕೊಂಡವರಿಗೆ ಇದು ಉಚಿತ. ಆಮೇಲೆ ಗಿರಾಕಿಗಳು ಡ್ರೆಸ್ ಬಿಟ್ಟು ಇದನ್ನೇ ಕೇಳಿಕೊಂಡು ಬರೋಕೆ ಶುರು ಮಾಡಿದರು! 1923ರಲ್ಲಿ ಕಂಪನಿಯಾಯಿತು, ಹೆಸರು ಮೇಡನ್ ಫಾರ್ಮ್. ಸ್ವಲ್ಪ ದಿನಕ್ಕೆ ಡ್ರೆಸ್ ಹೊಲಿಯೋದನ್ನೇ ನಿಲ್ಲಿಸಿದರು.

ಬ್ರಾ ಕಂಡುಹಿಡಿದದ್ದು ಐಡಾ ಅಂತ ನಾವು ಹೇಳ್ತಿಲ್ಲ. ಎರಡು ಕರ್ಚೀಫು, ಒಂದು ರಿಬ್ಬನ್ ಸೇರಿಸಿ ಹೊಲಿದ ಮೇರಿ ಫೆಲ್ಪ್ಸ್ ಜೇಕಬ್‌ಗೆ 1914ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಆಕೆ ಅದನ್ನ ಮಾರಿ ಬೇರೆ ದಾರಿ ಹಿಡಿದರು. ಐಡಾ ಅದೇ ವಸ್ತುವನ್ನ ಬಿಡದೆ ಹಿಡಿದರು, ನಮಗೆ ಅದೇ ದೊಡ್ಡದು ಅನ್ನಿಸುತ್ತೆ.

ಕೆಲಸ ಹಂಚಿಕೆ ಹೀಗಿತ್ತು: ವಿನ್ಯಾಸ ವಿಲಿಯಂದು, ವ್ಯಾಪಾರ ಮತ್ತು ದುಡ್ಡು ಐಡಾದು. ಒಬ್ಬರೇ ಕೂತು ಇಡೀ ಬ್ರಾ ಹೊಲಿಯೋ ಬದಲು ಒಬ್ಬರು ಬಟ್ಟಲು, ಒಬ್ಬರು ಪಟ್ಟಿ, ಇನ್ನೊಬ್ಬರು ಹುಕ್ ಅಂತ ಬಿಡಿಬಿಡಿಯಾಗಿ ಹೊಲಿಸಿದರು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಟ್ಟಿದ್ದೂ ಭಾಗ ಭಾಗ ಜೋಡಿಸಿಯೇ. ವ್ಯತ್ಯಾಸ ಏನಂದ್ರೆ, ಲೇತ್ ಜಗ್ಗಲ್ಲ. ಬ್ರಾ ಬಟ್ಟೆ ಜಗ್ಗುತ್ತೆ, ಹಾಕಿಕೊಳ್ಳೋ ಮೈ ಒಂದರ ಹಾಗೆ ಇನ್ನೊಂದಿಲ್ಲ, ಉಸಿರಾಟಕ್ಕೆ ಅಳತೆ ಬದಲಾಗುತ್ತೆ. ಇಂಥದ್ದಕ್ಕೆ ಟಾಲರೆನ್ಸ್ ಕೊಡೋದು ಸುಲಭ ಅಲ್ಲ. 1930ರ ದಶಕದಲ್ಲಿ ಬಟ್ಟಲಿಗೆ ಎ, ಬಿ, ಸಿ, ಡಿ ಅಕ್ಷರಗಳು, ಹಿಂದೆ ಎರಡು ಮೂರು ಸಾಲು ಹುಕ್‌ಗಳು ಬಂದದ್ದು ಈ ಕಷ್ಟಕ್ಕೇ. ಅಕ್ಷರ ತಂದದ್ದು ಬೇರೆ ಕಂಪನಿಗಳು, ಅದನ್ನೂ ಹೇಳಿಬಿಡ್ತೀವಿ.

ನಮ್ಮ ಅಜ್ಜಿಯರ ಖಣದ ಕುಪ್ಪಸ ಈ ವಿಷಯದಲ್ಲಿ ಜಾಣ. ಎದೆಯ ಕೆಳಗೆ ಗಂಟು. ಮೈ ದಪ್ಪಗಾದರೆ ಸಡಿಲ, ಸಣ್ಣಗಾದರೆ ಬಿಗಿ, ದಿನಾ ಬೆಳಿಗ್ಗೆ ಹೊಸ ಅಳತೆ. ನಮ್ಮದು ಅಂಗಡಿಯವರು ಕೊಟ್ಟ ನಂಬರ್. ದಾವಣಗೆರೆಯ ಪೇಟೆಯಲ್ಲಿ ಬಹಳ ಕಡೆ ಹಾಕಿ ನೋಡೋಕೆ ಜಾಗ ಇರಲ್ಲ, ಕೌಂಟರಿನಲ್ಲಿ ಅಣ್ಣ ನಿಂತಿರ್ತಾರೆ, ನಾವು ಮೆಲ್ಲಗೆ ಒಂದು ನಂಬರ್ ಹೇಳಿ ಪೇಪರಲ್ಲಿ ಸುತ್ತಿದ್ದನ್ನ ಬ್ಯಾಗಿಗೆ ತುರುಕಿ ಬರ್ತೀವಿ. ಸಡಿಲ ಆದರೂ ವಾಪಸ್ ಒಯ್ಯೋ ಧೈರ್ಯ ಇಲ್ಲ. ಅದನ್ನೇ ಹಾಕಿಕೊಂಡು ಹರಿಹರದಿಂದ ಬಸ್ಸಲ್ಲಿ ನಿಂತು ಬಂದು, ಮಧ್ಯಾಹ್ನ ಮೂರು ಗಂಟೆ ವರ್ಕ್‌ಶಾಪಲ್ಲಿ ನಿಂತರೆ ಭುಜಕ್ಕೆ ಏನಾಗುತ್ತೆ ಅಂತ ಹುಡುಗಿಯರಿಗೆ ಹೇಳಬೇಕಾಗಿಲ್ಲ.

ಭಾರ ಹೊರಬೇಕಾದದ್ದು ಭುಜದ ಪಟ್ಟಿ ಅಲ್ಲ, ಎದೆಯ ಕೆಳಗಿನ ಪಟ್ಟಿ. ಅದು ಸಡಿಲ ಇದ್ದರೆ ಬೆನ್ನಲ್ಲಿ ಮೇಲಕ್ಕೆ ಜಾರುತ್ತೆ, ಆಗ ನಾವು ಭುಜದ ಪಟ್ಟಿ ಎಳೆದು ಬಿಗಿ ಮಾಡ್ತೀವಿ, ಅದು ಚರ್ಮಕ್ಕೆ ಕಚ್ಚುತ್ತೆ. ಪಟ್ಟಿ ಬೆನ್ನಿನ ಮೇಲೆ ನೇರವಾಗಿ ನಿಂತು, ಒಳಗೆ ಎರಡು ಬೆರಳು ಹೋಗುವಷ್ಟಿದ್ದರೆ ಸರಿ. ಹೊಸದನ್ನ ಅತ್ಯಂತ ಸಡಿಲದ ಸಾಲಿಗೆ ಹಾಕಿದಾಗಲೇ ಸರಿ ಕೂರಬೇಕು. ಎಲಾಸ್ಟಿಕ್ ಸೋತ ಹಾಗೆ ಒಳಸಾಲಿಗೆ ಹೋಗೋಕೆ ಅಂತಲೇ ಉಳಿದ ಸಾಲುಗಳಿರೋದು. 36ಬಿ ಸಡಿಲ ಅನ್ನಿಸಿದರೆ 34ಸಿ ಕೇಳಿ. ಬಟ್ಟಲು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಪಟ್ಟಿ ಮಾತ್ರ ಚಿಕ್ಕದು. ಈಗಾಗಲೇ ಕೊಂಡದ್ದಾದರೆ ಕಂಕುಳ ಕೆಳಗೆ ಎರಡೂ ಬದಿ ಸಮನಾಗಿ ಅರ್ಧರ್ಧ ಇಂಚು ಒಳಗೆ ಹಿಡಿದು ಹೊಲಿಸಬಹುದು. ಟೇಲರ್ ಅಕ್ಕನಿಗೆ ಜಿಗ್‌ಜಾಗ್ ಹಾಕೋಕೆ ಹೇಳಿ. ನೇರ ಹೊಲಿಗೆ ಎಲಾಸ್ಟಿಕ್ ಎಳೆದಾಗ ಪಟ್ ಅಂತ ಕಿತ್ತುಬರುತ್ತೆ.

ಐಡಾ ಬದುಕಿಗೆ ವಾಪಸ್ ಬರೋಣ. ಕಂಪನಿ ಬೆಳೆಯುತ್ತಿದ್ದಾಗಲೇ, 1930ರಲ್ಲಿ ಮಗ ಲೂಯಿಸ್ ತೀರಿಕೊಂಡ. ಕಾನೂನು ಓದುತ್ತಿದ್ದ ಹುಡುಗ. ಅವನ ನೆನಪಿಗೆ ಸ್ಕೌಟ್ ಹುಡುಗರಿಗೊಂದು ಶಿಬಿರ ಕಟ್ಟಿಸಿ ಆಕೆ ಕೆಲಸಕ್ಕೆ ಮರಳಿದರು. ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೆ ರೇಷನ್ ಬಂದಾಗ, ಒಳ್ಳೆ ಬ್ರಾ ಹಾಕಿದ ಕೆಲಸಗಾರ್ತಿಗೆ ದಣಿವು ಕಮ್ಮಿ ಅಂತ ವಾದಿಸಿ ಸರ್ಕಾರದಿಂದ ಕಚ್ಚಾ ಮಾಲು ಪಡೆದರು. ಇದು ನಮಗೆ ಬಹಳ ಹಿಡಿಸಿತು. ಈ ಬಟ್ಟೆಯನ್ನ ಅಲಂಕಾರ ಅನ್ನದೆ ಕೆಲಸದ ಸಲಕರಣೆ ಅಂದದ್ದಕ್ಕೆ. ಅದೇ ಸಮಯದಲ್ಲಿ ಪ್ಯಾರಾಚೂಟ್ ಸೈನಿಕರು ಸಂದೇಶದ ಪಾರಿವಾಳಗಳನ್ನ ಎದೆಗೆ ಕಟ್ಟಿಕೊಂಡು ಜಿಗಿಯೋಕೆ ಬೇಕಾದ ಚೀಲವನ್ನೂ ಇವರ ಕಂಪನಿ ಹೊಲಿದು ಕೊಟ್ಟಿತು. ಹಕ್ಕಿಗೆ ನೋವಾಗಬಾರದು, ಜಾರಲೂ ಬಾರದು. ಅನುಭವ ಇದ್ದ ಕೆಲಸವೇ ಅಲ್ವಾ!

1958ರಲ್ಲಿ ವಿಲಿಯಂ ತೀರಿಕೊಂಡ ಮೇಲೆ ಎಪ್ಪತ್ತು ದಾಟಿದ ಐಡಾ ಕಂಪನಿಯ ಚುಕ್ಕಾಣಿ ಹಿಡಿದರು. ಅದೇ ವರ್ಷ ಡುಪಾಂಟ್‌ನ ಜೋಸೆಫ್ ಶಿವರ್ಸ್ ಸ್ಪಾಂಡೆಕ್ಸ್ ನೂಲು ಕಂಡುಹಿಡಿದಿದ್ದರು. ಇವತ್ತು ನಮ್ಮ ಪಟ್ಟಿ ಜಗ್ಗಿ ಮತ್ತೆ ಕೂಡಿಕೊಳ್ಳೋದು ಅದರಿಂದ. (ಬಿಸಿನೀರು, ಕಾದ ಇಸ್ತ್ರಿ ಅದಕ್ಕೆ ಆಗಲ್ಲ. ಹಾಸ್ಟೆಲ್ ಟೆರೇಸಿನ ಸುಡುಬಿಸಿಲಲ್ಲಿ ಒಣಗಿಸೋದು ಬಿಡಿ, ನೆರಳಲ್ಲಿ ಹಾಕಿ.) 1963ರಲ್ಲಿ ಉದ್ಯಮಿಗಳ ತಂಡದ ಜೊತೆ ಐಡಾ ಸೋವಿಯತ್ ಒಕ್ಕೂಟಕ್ಕೆ ಹೋಗಿ ಬಂದರು. ಹತ್ತೊಂಬತ್ತರ ಆಸುಪಾಸಿನಲ್ಲಿ ಬಿಟ್ಟು ಬಂದಿದ್ದ ನೆಲಕ್ಕೆ, ಕಾರ್ಖಾನೆಗಳ ಒಡತಿಯಾಗಿ. 1966ರಲ್ಲಿ ಪಾರ್ಶ್ವವಾಯು ಬಡಿಯಿತು. 1973ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಕಂಪನಿಯ ಹೊಣೆ ಮಗಳು ಬಿಯಾಟ್ರಿಸ್ ಮತ್ತು ಅಳಿಯನ ಕೈಗೆ ಬಂದಿತ್ತು.