ಸೂರ್ಯನನ್ನು ದಿಟ್ಟಿಸಿ ಕುರುಡಾದರೇ ಜೋಸೆಫ್ ಪ್ಲಾತೊ?

ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ನೀರು ಮೊದಲು ದಾರದಂತೆ ಇಳಿದು, ಕೆಳಗೆ ಬಂದಂತೆ ಹನಿಹನಿಯಾಗಿ ಒಡೆಯುತ್ತದೆ. ಗುರುತ್ವವೇ ಅದನ್ನು ಎಳೆದು ತುಂಡರಿಸುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಗುರುತ್ವ ದಾರವನ್ನು ತೆಳುವಾಗಿಸುತ್ತದೆ ನಿಜ, ಆದರೆ ತುಂಡರಿಸುವುದು ನೀರಿನ ಮೇಲ್ಮೈ ಎಳೆತ. ಈ ಒಡೆಯುವಿಕೆಗೆ ಅಳತೆ ಕಂಡುಕೊಂಡವರು ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾತೊ. ಆ ಹೊತ್ತಿಗೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಪ್ಲಾತೊ 1801ರ ಅಕ್ಟೋಬರ್ 14ರಂದು ಬ್ರಸೆಲ್ಸ್‌ನಲ್ಲಿ ಹುಟ್ಟಿದರು. ತಂದೆ ಹೂಗಳ ಚಿತ್ರ ಬಿಡಿಸುತ್ತಿದ್ದ ಕಲಾವಿದ. ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡರೂ ಓದು ಬಿಡಲಿಲ್ಲ. ಕಣ್ಣಿನಲ್ಲಿ ಬೆಳಕಿನ ಅಚ್ಚು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅಧ್ಯಯನ ಮಾಡಿ 1829ರಲ್ಲಿ ಡಾಕ್ಟರೇಟ್ ಪಡೆದರು. 1832ರಲ್ಲಿ, ತಿರುಗುವ ತಟ್ಟೆಯ ಮೇಲಿನ ಚಿತ್ರಗಳು ಚಲಿಸುವಂತೆ ತೋರುವ ಉಪಕರಣವೊಂದನ್ನು ರೂಪಿಸಿದರು. ಸಿನಿಮಾದ ಪೂರ್ವಜರಲ್ಲಿ ಅದೂ ಒಂದು. 1835ರಲ್ಲಿ ಗೆಂಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1829ರಲ್ಲಿ ಅವರು ಪ್ರಯೋಗಕ್ಕೆಂದು ಸುಮಾರು 25 ಸೆಕೆಂಡು ಸೂರ್ಯನನ್ನೇ ದಿಟ್ಟಿಸಿದ್ದರು. ಅವರು ಕುರುಡಾಗಿದ್ದು ಇದರಿಂದಲೇ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಆಗ ಕೆಲ ದಿನ ಮಂಜಾಗಿದ್ದ ದೃಷ್ಟಿ ಮರಳಿ ಬಂದಿತ್ತು. ಪೂರ್ತಿ ಕುರುಡುತನ ಬಂದದ್ದು 1843ರ ಹೊತ್ತಿಗೆ. ಕಣ್ಣಿನೊಳಗಿನ ದೀರ್ಘಕಾಲದ ಉರಿಯೂತವೇ ಅದಕ್ಕೆ ಕಾರಣವಿರಬೇಕು ಎಂಬುದು ನಂತರದ ವೈದ್ಯರ ಅಂದಾಜು. ಹಾಗೆಂದು ನಾವು ಸೂರ್ಯನನ್ನು ದಿಟ್ಟಿಸಬಾರದು, ಅದರಿಂದ ಅಕ್ಷಿಪಟಲಕ್ಕೆ ಶಾಶ್ವತ ಹಾನಿಯಾಗಬಹುದು.

ಕಣ್ಣು ಹೋದ ಮೇಲೆ ಪ್ಲಾತೊ ಸುಮಾರು 40 ವರ್ಷ ದುಡಿದರು. ಯಾವ ಪ್ರಯೋಗ, ಹೇಗೆ ಎಂದು ಅವರು ಹೇಳುತ್ತಿದ್ದರು. ಮಗ, ಅಳಿಯ, ಗೆಳೆಯರು ಮಾಡಿ, ಕಂಡದ್ದನ್ನು ವಿವರಿಸುತ್ತಿದ್ದರು. ನೀರು ಮತ್ತು ಆಲ್ಕೋಹಾಲ್ ಬೆರೆಸಿ, ಆಲಿವ್ ಎಣ್ಣೆಯಷ್ಟೇ ಸಾಂದ್ರತೆಯ ದ್ರವ ಮಾಡಿಕೊಂಡರೆ ಅದರಲ್ಲಿ ಬಿಟ್ಟ ಎಣ್ಣೆ ಮುಳುಗದೆ, ತೇಲದೆ ಗೋಳವಾಗಿ ನಿಲ್ಲುತ್ತದೆ. ಅದೇ ಎಣ್ಣೆಯನ್ನು ಎರಡು ಉಂಗುರಗಳ ನಡುವೆ ಕಂಬದಂತೆ ಎಳೆದರೆ? ಕಂಬದ ಉದ್ದ ವ್ಯಾಸದ ಸುಮಾರು 3.14 ಪಟ್ಟು, ಅಂದರೆ ಅದರ ಸುತ್ತಳತೆಯನ್ನು ದಾಟಿದೊಡನೆ ನಡು ಸಣ್ಣಗಾಗಿ ಕಂಬ ಒಡೆಯುತ್ತದೆ. ತಂತಿಯ ಚೌಕಟ್ಟಿನಲ್ಲಿ ನಿಲ್ಲುವ ಸೋಪಿನ ಪೊರೆಗಳ ನಿಯಮಗಳೂ ಸೇರಿದ ಅವರ ಮಹಾಗ್ರಂಥ 1873ರಲ್ಲಿ ಪ್ರಕಟವಾಯಿತು.

ನುಣುಪಾದ ಆಕಾರ ಯಾವಾಗ ಒಡೆಯುತ್ತದೆ? ಗಣಿತಜ್ಞರಿಗೆ ಇದು ಇಂದಿಗೂ ದೊಡ್ಡ ಪ್ರಶ್ನೆ. ಒಂದು ಮೇಲ್ಮೈಯ ಪ್ರತಿ ಬಿಂದುವೂ ತನ್ನಲ್ಲಿನ ಬಾಗಿಗೆ ತಕ್ಕ ವೇಗದಲ್ಲಿ ಚಲಿಸುತ್ತದೆ ಎಂದುಕೊಳ್ಳೋಣ. ಚೆಂಡು ಚೆಂಡಾಗಿಯೇ ಕುಗ್ಗಿ ಮಾಯವಾಗುತ್ತದೆ. ಆದರೆ ತೆಳ್ಳನೆ ಕತ್ತಿನ ಡಂಬೆಲ್ ಆಕಾರದಲ್ಲಿ ಕತ್ತಿನ ಸುತ್ತಲಿನ ಬಾಗು ಬಹಳ ಹೆಚ್ಚು. ಹಾಗಾಗಿ ಕತ್ತು ಬೇಗ ಕಿರಿದಾಗುತ್ತದೆ, ಕಿರಿದಾದಷ್ಟೂ ಬಾಗು ಹೆಚ್ಚುತ್ತದೆ, ಕೊನೆಗೆ ಸೀಮಿತ ಸಮಯದಲ್ಲೇ ಅನಂತಕ್ಕೆ ಹೋಗುತ್ತದೆ. ಸಮೀಕರಣ ಕೈಬಿಡುವ ಈ ಘಟ್ಟವೇ ಸಿಂಗ್ಯುಲಾರಿಟಿ. ಇಂಥ ಕತ್ತು ಹಿಸುಕುವಿಕೆಯನ್ನು ಮ್ಯಾಥ್ಯೂ ಗ್ರೇಸನ್ 1989ರಲ್ಲಿ ಸಾಧಿಸಿ ತೋರಿಸಿದರು.

ಮೇಲ್ಮೈ ಮಾತ್ರವಲ್ಲ, ಬಾಗಿದ ಅವಕಾಶವೇ ಹೀಗೆ ಬದಲಾಗುವ ರಿಚ್ಚಿ ಹರಿವನ್ನು ರಿಚರ್ಡ್ ಹ್ಯಾಮಿಲ್ಟನ್ 1982ರಲ್ಲಿ ಪರಿಚಯಿಸಿದರು. ಅಲ್ಲೂ ಕತ್ತುಗಳು ಹಿಸುಕಿಹೋಗುತ್ತವೆ. ಒಡೆಯುವ ಮುನ್ನವೇ ಕತ್ತನ್ನು ಕತ್ತರಿಸಿ, ತುದಿಗಳಿಗೆ ಮುಚ್ಚಳ ಹಾಕಿ, ಹರಿವನ್ನು ಮುಂದುವರಿಸುವ ದಾರಿಯನ್ನು ಪೂರ್ಣಗೊಳಿಸಿದ ಗ್ರಿಗೊರಿ ಪೆರೆಲ್ಮನ್, 2002–03ರಲ್ಲಿ ಪ್ವಾಂಕರೆ ಊಹೆಯನ್ನು ಸಾಧಿಸಿದರು.

ಪ್ಲಾತೊ 1883ರ ಸೆಪ್ಟೆಂಬರ್ 15ರಂದು ಗೆಂಟ್‌ನಲ್ಲಿ ತೀರಿಕೊಂಡರು. ಈ ಸಮೀಕರಣಗಳು ಅವರ ಕಾಲಕ್ಕೆ ಇರಲಿಲ್ಲ. ಎಣ್ಣೆಯ ಕಂಬ ಮತ್ತು ಡಂಬೆಲ್ ಕತ್ತಿನ ನಿಯಮಗಳೂ ಬೇರೆ ಬೇರೆ. ಆದರೂ ಎರಡರಲ್ಲೂ ಬಾಗೇ ಕತ್ತನ್ನು ಹಿಸುಕುತ್ತದೆ. ಪ್ಲಾತೊ ಎಂದರೆ ಸೂರ್ಯನನ್ನು ನೋಡಿ ಕಣ್ಣು ಕಳೆದುಕೊಂಡವರು ಎಂದಷ್ಟೇ ನೆನೆದರೆ, ಕಣ್ಣು ಹೋದ ಮೇಲೆ ಅವರು ಕಂಡದ್ದನ್ನು ನಾವು ಮರೆಯುತ್ತೇವೆ. ಮುಂದಿನ ಸಲ ನಲ್ಲಿ ನಿಲ್ಲಿಸುವಾಗ ಕೊನೆಯ ಹನಿಯ ಕತ್ತನ್ನು ಒಮ್ಮೆ ಗಮನಿಸೋಣ.