ಕಾಲ್ಚೆಂಡಾಟದ ಗಣಿತಜ್ಞ: ಹರಾಲ್ಡ್ ಬೋರ್

ನೀಲ್ಸ್ ಬೋರರ ಹೆಸರನ್ನು ಕೇಳದವರು ವಿರಳ. ಪರಮಾಣುವಿನ ರಚನೆಯನ್ನು ವಿವರಿಸಿ 1922ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆ ಮಹನೀಯರಿಗೆ ಒಬ್ಬ ತಮ್ಮನಿದ್ದನೆಂಬುದು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆದರೆ 1908ರ ಸುಮಾರಿಗೆ ಕೋಪನ್‌ಹೇಗನ್ ನಗರದ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಬೋರ್ ಎಂದರೆ ಯಾರೆಂದು ಕೇಳಿದ್ದರೆ, ಅವರು ಹೇಳುತ್ತಿದ್ದುದು ಆ ತಮ್ಮನ ಹೆಸರನ್ನೇ.

ಹರಾಲ್ಡ್ ಬೋರರು 1887ರ ಏಪ್ರಿಲ್ 22ರಂದು ಕೋಪನ್‌ಹೇಗನ್‌ನಲ್ಲಿ ಜನಿಸಿದರು. ತಂದೆ ಕ್ರಿಶ್ಚಿಯನ್ ಬೋರರು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಎಲೆನ್ ಆಡ್ಲರ್ ಶ್ರೀಮಂತ ಯೆಹೂದಿ ಮನೆತನದವರು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ತಂದೆಗೆ ಕಾಲ್ಚೆಂಡಾಟದಲ್ಲಿ ಬಲು ಆಸಕ್ತಿ. ಅದು ಮಕ್ಕಳಿಬ್ಬರಿಗೂ ಅಂಟಿತು. ವಿದ್ಯಾವಂತ ತರುಣರ ‘ಅಕಾಡೆಮಿಸ್ಕ್ ಬೋಲ್ಡ್‌ಕ್ಲುಬ್’ ಎಂಬ ತಂಡದಲ್ಲಿ ಅಣ್ಣ ಗೋಲು ಕಾಯುತ್ತಿದ್ದರು. ಚೆಂಡು ದೂರದಲ್ಲಿದ್ದಾಗ ಅವರು ಗೋಲಿನ ಕಂಬದ ಮೇಲೆ ಲೆಕ್ಕ ಹಾಕುತ್ತ ಮೈಮರೆತರೆಂಬ ಕಥೆಯೊಂದಿದೆ. ಎಷ್ಟು ನಿಜವೋ ತಿಳಿಯದು. ತಮ್ಮನಾದರೋ ಅಣ್ಣನನ್ನು ಮೀರಿಸಿದ ಆಟಗಾರ. 16ನೆಯ ವಯಸ್ಸಿನಲ್ಲೇ ಆ ತಂಡದ ಪರವಾಗಿ ಕಣಕ್ಕಿಳಿದು, ಮರುವರ್ಷ ಗಣಿತವನ್ನು ಕಲಿಯಲು ವಿಶ್ವವಿದ್ಯಾನಿಲಯವನ್ನು ಸೇರಿದರು.

1908ರಲ್ಲಿ ಲಂಡನ್ನಿನಲ್ಲಿ ನಡೆದ ಒಲಿಂಪಿಕ್ಸ್‌ಗೆ ಡೆನ್ಮಾರ್ಕ್ ತನ್ನ ಕಾಲ್ಚೆಂಡಿನ ತಂಡವನ್ನು ಕಳುಹಿಸಿತು. ಹರಾಲ್ಡ್ ಅದರಲ್ಲಿ ಹಾಫ್‌ಬ್ಯಾಕ್ ಆಟಗಾರ. ಮೊದಲ ಪಂದ್ಯದಲ್ಲಿ ಫ್ರಾನ್ಸಿನ ಎರಡನೆಯ ತಂಡವು 9–0 ರಿಂದ ಸೋತಿತು. ಆ ಒಂಬತ್ತರಲ್ಲಿ ಎರಡು ಗೋಲುಗಳು ನಮ್ಮ ಗಣಿತದ ವಿದ್ಯಾರ್ಥಿಯವು. ಮೂರು ದಿನಗಳ ತರುವಾಯ ಫ್ರಾನ್ಸಿನ ಮೊದಲನೆಯ ತಂಡದ ಗತಿ ಇನ್ನೂ ಶೋಚನೀಯ: 17–1. ಅಂತಿಮ ಪಂದ್ಯದಲ್ಲಿ ಬ್ರಿಟನ್ 2–0 ರಿಂದ ಗೆದ್ದು, ಡೆನ್ಮಾರ್ಕಿಗೆ ಬೆಳ್ಳಿಯ ಪದಕ ಬಂತು. 1910ರಲ್ಲಿ ಹರಾಲ್ಡ್ ಡಾಕ್ಟರೇಟ್ ಪದವಿಗಾಗಿ ತಮ್ಮ ಪ್ರಬಂಧವನ್ನು ಬಹಿರಂಗ ಸಭೆಯಲ್ಲಿ ಸಮರ್ಥಿಸಿದಾಗ, ಸಭಾಂಗಣದಲ್ಲಿ ಗಣಿತಜ್ಞರಿಗಿಂತ ಕಾಲ್ಚೆಂಡಿನ ಅಭಿಮಾನಿಗಳೇ ಹೆಚ್ಚಾಗಿ ನೆರೆದಿದ್ದರಂತೆ. ಡಿರಿಶ್ಲೆ ಶ್ರೇಣಿಗಳನ್ನು ಕುರಿತ ಆ ವಾದವನ್ನು ಅವರು ಎಷ್ಟರ ಮಟ್ಟಿಗೆ ಗ್ರಹಿಸಿದರೋ ದೇವರೇ ಬಲ್ಲ.

ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಹರಾಲ್ಡರಿಗೆ ಎಡ್ಮಂಡ್ ಲಾಂಡೌ ಎಂಬ ಯೆಹೂದಿ ಗಣಿತಜ್ಞರ ಸ್ನೇಹವಾಯಿತು. ರೀಮಾನರ ಪ್ರಸಿದ್ಧ ಊಹೆಯ ಪ್ರಕಾರ, ಅವರ ಜೀಟಾ ಫಲನದ ಮುಖ್ಯ ಶೂನ್ಯಗಳೆಲ್ಲವೂ ಒಂದೇ ಸರಳರೇಖೆಯ ಮೇಲಿರಬೇಕು. ಆ ರೇಖೆಯ ಸುತ್ತ ಎಷ್ಟೇ ಕಿರಿದಾದ ಪಟ್ಟಿಯನ್ನು ಎಳೆದರೂ ಶೂನ್ಯಗಳ ಬಹುಪಾಲು ಅದರೊಳಗೇ ಬೀಳುವುದೆಂದು ಈ ಗೆಳೆಯರಿಬ್ಬರೂ 1914ರಲ್ಲಿ ತೋರಿಸಿದರು. ಊಹೆ ಇಂದಿಗೂ ಸಿದ್ಧವಾಗಿಲ್ಲ. ನಮ್ಮ ರಾಮಾನುಜನ್ನರನ್ನು ಕೇಂಬ್ರಿಜಿಗೆ ಕರೆಸಿಕೊಂಡ ಹಾರ್ಡಿಯವರೂ ಹರಾಲ್ಡರ ಮಿತ್ರರೇ. ಒಮ್ಮೆ ಡೆನ್ಮಾರ್ಕಿನಿಂದ ಹಿಂದಿರುಗುವಾಗ ಸಮುದ್ರ ಕೆರಳಿದ್ದನ್ನು ಕಂಡು, ತಾವು ರೀಮಾನರ ಊಹೆಯನ್ನು ಸಾಧಿಸಿರುವುದಾಗಿ ಹಾರ್ಡಿ ಹರಾಲ್ಡರಿಗೆ ಕಾರ್ಡು ಬರೆದು ಹಡಗು ಹತ್ತಿದರಂತೆ. ಅಷ್ಟು ದೊಡ್ಡ ಕೀರ್ತಿಯನ್ನು ಹೊತ್ತು ತಾವು ಮುಳುಗಿಹೋಗಲು ದೇವರು ಬಿಡನೆಂಬುದು ಆ ನಾಸ್ತಿಕರ ಲೆಕ್ಕ!

ಹರಾಲ್ಡರ ಕೀರ್ತಿ ನಿಂತಿರುವುದು 1924ರಿಂದ ಅವರು ಪ್ರಕಟಿಸಿದ ‘ಸರಿಸುಮಾರು ಆವರ್ತಕ’ ಫಲನಗಳ ಸಿದ್ಧಾಂತದ ಮೇಲೆ. ಎರಡು ಲೋಲಕಗಳನ್ನು ಒಟ್ಟಿಗೆ ತೂಗಲು ಬಿಟ್ಟಿದ್ದೇವೆಂದು ಭಾವಿಸೋಣ. ಒಂದು ಒಂದು ಸೆಕೆಂಡಿಗೆ ಒಮ್ಮೆ ತೂಗಿದರೆ, ಇನ್ನೊಂದು ಎರಡರ ವರ್ಗಮೂಲದಷ್ಟು ಸೆಕೆಂಡಿಗೆ ಒಮ್ಮೆ ತೂಗುತ್ತದೆ. ಅವೆರಡೂ ಹೊರಟ ಸ್ಥಿತಿಗೆ ಏಕಕಾಲದಲ್ಲಿ ಮತ್ತೆಂದೂ ಸರಿಯಾಗಿ ಬಾರವು; ಆದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನು ಮನ್ನಿಸಿದರೆ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಇಂತಹ ಚಲನೆಗಳಿಗೆ ಹರಾಲ್ಡ್ ಒಂದು ಶಾಸ್ತ್ರವನ್ನೇ ಕಟ್ಟಿಕೊಟ್ಟರು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಆ ವರ್ಷದ ನವೆಂಬರಿನಲ್ಲಿ ಗ್ಯೋಟಿಂಗೆನ್‌ನ ವಿದ್ಯಾರ್ಥಿಗಳು ಲಾಂಡೌ ಅವರ ತರಗತಿಯನ್ನು ಬಹಿಷ್ಕರಿಸಿದರು. ಗುರುವನ್ನು ಹೊರಗಟ್ಟಿದವರು ನಮ್ಮಂತಹ ವಿದ್ಯಾರ್ಥಿಗಳೇ ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ. ಬರ್ಲಿನ್ನಿನ ಬೀಬರ್‌ಬಾಖ್ ಎಂಬ ದೊಡ್ಡ ಗಣಿತಜ್ಞರು, ಜರ್ಮನರ ಗಣಿತವೇ ಬೇರೆ, ಯೆಹೂದಿಗಳ ಗಣಿತವೇ ಬೇರೆ ಎಂದು ವಾದಿಸಿ ಆ ಕೃತ್ಯವನ್ನು ಸಮರ್ಥಿಸಿದರು. ಹರಾಲ್ಡ್ ಸುಮ್ಮನಿರಲಿಲ್ಲ. 1934ರಲ್ಲಿ ಡೆನ್ಮಾರ್ಕಿನ ಪತ್ರಿಕೆಯಲ್ಲಿ ಆ ವಾದವನ್ನು ಬಹಿರಂಗವಾಗಿ ಖಂಡಿಸಿದರು. ಬೀಬರ್‌ಬಾಖ್ ಜರ್ಮನ್ ಗಣಿತ ಸಂಘದ ಪತ್ರಿಕೆಯಲ್ಲಿ ಸಹಸಂಪಾದಕರ ಮಾತನ್ನೂ ಮೀರಿ ಪ್ರತ್ಯುತ್ತರವನ್ನು ಅಚ್ಚು ಹಾಕಿಸಿ, ಕೊನೆಗೆ ಸಂಘದ ಹುದ್ದೆಯನ್ನೇ ಬಿಡಬೇಕಾಯಿತು. ಇತ್ತ ಹರಾಲ್ಡ್ ನೆಲೆ ತಪ್ಪಿದವರಿಗೆ ಕೆಲಸ ಹುಡುಕುವುದರಲ್ಲಿ ಮಗ್ನರಾದರು. ಫೆಲ್ಲರ್, ನಾಯ್ಗೆಬವರ್ ಮೊದಲಾದವರು ಕೋಪನ್‌ಹೇಗನ್‌ನಲ್ಲಿ ಆಶ್ರಯ ಪಡೆದರು. ಅದೇ ವರ್ಷ ಅಲ್ಲಿ ಅಣ್ಣನ ಸಂಸ್ಥೆಯ ಪಕ್ಕದಲ್ಲಿ ತಮ್ಮನ ಗಣಿತ ಸಂಸ್ಥೆಯೂ ತಲೆಯೆತ್ತಿತ್ತು.

ಒಂಬತ್ತು ವರ್ಷಗಳ ಬಳಿಕ ಸರದಿ ಆಶ್ರಯದಾತನದೇ ಆಯಿತು. ನಾಜಿಗಳು ಆಕ್ರಮಿಸಿಕೊಂಡಿದ್ದ ಡೆನ್ಮಾರ್ಕಿನಲ್ಲಿ 1943ರಲ್ಲಿ ಯೆಹೂದಿಗಳ ಬಂಧನಕ್ಕೆ ಸಿದ್ಧತೆ ನಡೆದಾಗ, ತಾಯಿಯ ಕುಲದ ಕಾರಣದಿಂದ ಸೋದರರಿಬ್ಬರೂ ಜಲಸಂಧಿಯನ್ನು ದಾಟಿ ಸ್ವೀಡನ್ನಿಗೆ ಪಾರಾಗಬೇಕಾಯಿತು. ಯುದ್ಧ ಮುಗಿದ ಮೇಲೆ ಹರಾಲ್ಡ್ ಮರಳಿ ಬಂದು ಪಾಠವನ್ನು ಮುಂದುವರಿಸಿದರು.

1950ರಲ್ಲಿ ಅಮೆರಿಕದಲ್ಲಿ ಸೇರಿದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಫೀಲ್ಡ್ಸ್ ಪದಕಗಳ ಸಮಿತಿಗೆ ಅವರೇ ಅಧ್ಯಕ್ಷರು. ಆ ವರ್ಷ ಪದಕ ಪಡೆದ ಇಬ್ಬರಲ್ಲಿ ಒಬ್ಬರಾದ ಲೊರಾಂ ಶ್ವಾರ್ಟ್ಸ್, ಯುದ್ಧದ ದಿನಗಳಲ್ಲಿ ಫ್ರಾನ್ಸಿನಲ್ಲಿ ಹೆಸರು ಮರೆಸಿಕೊಂಡು ಬದುಕಿದ್ದ ಯೆಹೂದಿ. ಮರುವರ್ಷ ಜನವರಿ 22ರಂದು ತಮ್ಮ 63ನೆಯ ವಯಸ್ಸಿನಲ್ಲಿ ಹರಾಲ್ಡ್ ಬೋರರು ತೀರಿಕೊಂಡರು. ಅವರ ಗಣಿತ ಲೇಖನಗಳು 1952ರಲ್ಲಿ ಮೂರು ಸಂಪುಟಗಳಾಗಿ ಹೊರಬಂದವು.